ಬಿಚ್ಚುವ ಮೊದಲು ಅಳೆಯುವ ಗ್ಯಾರೇಜ್: ಬನ್ನಿಮಂಟಪದಲ್ಲಿ ನನ್ನ ಕಾರಿನ ಆಯಿಲ್ ಪಂಪ್ ಕೆಲಸ

ಟರ್ಬೊ ಕಾರಿನಲ್ಲಿ ಆಯಿಲ್ ಪ್ರೆಶರ್ ಲೈಟ್ ಒಮ್ಮೆ ಮಿನುಗಿದ್ದಕ್ಕೇ ನಿದ್ದೆ ಕೆಡಿಸಿಕೊಂಡವರು ಮೈಸೂರಲ್ಲಿ ಯಾರಾದರೂ ಇದ್ದರೆ, ಬನ್ನಿಮಂಟಪದ ಈ ಗ್ಯಾರೇಜಿಗೆ ಧೈರ್ಯವಾಗಿ ಹೋಗಿ. ಇಲ್ಲಿ ಮೊದಲು ಅಳೆಯುತ್ತಾರೆ, ಆಮೇಲೆ ಬಿಚ್ಚುತ್ತಾರೆ. ಬಂದ ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆದು ಕೈಗೆ ಕೊಡುತ್ತಾರೆ. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಮೈಕ್ರೋಮೀಟರ್, ಡಯಲ್ ಗೇಜ್ ಹಿಡಿಯುವುದೇ ನನ್ನ ಕೆಲಸ. ಅಳತೆ ಇಲ್ಲದೆ ಯಾರು ಏನು ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ.

ನನ್ನದು 1.8 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಓನರ್ ರೀಮ್ಯಾಪ್ (ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ದರು, ಹಾಗಾಗಿ ಕಂಪನಿಯಿಂದ ಬಂದಾಗ ಇದ್ದದ್ದಕ್ಕಿಂತ ಎಳೆತ ಜಾಸ್ತಿ. ಬೆಂಗಳೂರಿನಿಂದ ಬರುವಾಗ ಮದ್ದೂರು ದಾಟಿದ ಮೇಲೆ ಒಂದು ಲಾರಿಯನ್ನು ಓವರ್‌ಟೇಕ್ ಮಾಡಲು ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಕೆಂಪು ಲೈಟ್ ಬಂತು, ಜೊತೆಗೆ ಇಂಜಿನ್ ನಿಲ್ಲಿಸಿ ಅಂತ ಮೆಸೇಜ್. ಕಾಲು ತೆಗೆದ ತಕ್ಷಣ ಎರಡೂ ಹೋದವು. ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿದೆ. ಆಯಿಲ್ ಮಟ್ಟ ಸರಿಯಾಗೇ ಇತ್ತು. ಅಲ್ಲಿಂದ ಮುಂದೆ ಓಡಿಸಲಿಲ್ಲ, ಟೋ ಮಾಡಿಸಿದೆ.

ಮೊದಲು ಹೋದದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ಸ್ಕ್ಯಾನರ್ ಚುಚ್ಚಿ, ಕೋಡ್ ಓದಿ, "ಆಯಿಲ್ ಪಂಪ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂದರು. ಎಸ್ಟಿಮೇಟ್ ಒಂದು ಲಕ್ಷ ದಾಟಿತ್ತು. ಪ್ರೆಶರ್ ಎಷ್ಟು ಬಂತು ಅಂತ ಕೇಳಿದೆ. ಅಳೆದಿರಲಿಲ್ಲ. ಸ್ಕ್ಯಾನರ್ ಹೇಳುವುದು ಪ್ರೆಶರ್ ಬಿದ್ದರೆ ಲೈಟ್ ಹಚ್ಚುವ ಸ್ವಿಚ್ ಕೊಟ್ಟ ಸಿಗ್ನಲ್ ಅಷ್ಟೇ ಅಲ್ವಾ? ಸ್ವಿಚ್ ಕೆಟ್ಟಿದ್ದರೂ ಅದೇ ಕೋಡ್, ವೈರ್ ಸವೆದಿದ್ದರೂ ಅದೇ ಕೋಡ್. ಕೆಲವು ನೂರು ರೂಪಾಯಿಯ ಸ್ವಿಚ್ಚಿನ ಮಾತು ಕೇಳಿ ಇಂಜಿನ್ ಇಳಿಸಲು ನನಗೆ ಮನಸ್ಸಾಗಲಿಲ್ಲ.

ಬನ್ನಿಮಂಟಪದ ಗ್ಯಾರೇಜಿನ ಮಾಲೀಕರೇ ಹೆಡ್ ಮೆಕ್ಯಾನಿಕ್. ಐವತ್ತು ದಾಟಿದವರು. ನಾನು ಕಥೆಯೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: "ಮೇಡಂ, ಲೈಟ್ ಬಂದಿದ್ದು ಐಡ್ಲಿಂಗ್‌ನಲ್ಲೋ (ನಿಂತಲ್ಲೇ ಇಂಜಿನ್ ಓಡುವಾಗ), ಎಳೆಯುವಾಗಲೋ?" ಎಳೆಯುವಾಗ ಅಂದೆ. ತಲೆಯಾಡಿಸಿ ಒಳಗಿಂದ ಒಂದು ಮೆಕ್ಯಾನಿಕಲ್ ಗೇಜ್ ತಂದರು. ಪ್ರೆಶರ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಸರಿಯಾದ ಅಡಾಪ್ಟರ್ ಹಾಕಿ ಗೇಜಿನ ಹೋಸ್ ಕೂರಿಸಿದರು. ಟೆಫ್ಲಾನ್ ಟೇಪ್ ಸುತ್ತಲಿಲ್ಲ. ಅದರ ಚೂರು ಒಳಗೆ ಹೋದರೆ ಆಯಿಲ್ ಹೋಗುವ ಸಣ್ಣ ದಾರಿ ಕಟ್ಟಿಕೊಳ್ಳುತ್ತದೆ ಎಂದರು. ಆಗಲೇ ನನಗೆ ಅರ್ಧ ನಂಬಿಕೆ ಬಂತು.

ಹೋಸನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು, ಗೇಜನ್ನು ವೈಪರ್ ಪಕ್ಕದಲ್ಲಿ ಗ್ಲಾಸಿಗೆ ಟೇಪ್ ಹಾಕಿ ಅಂಟಿಸಿದರು. ಹುಡುಗನೊಬ್ಬ ಪಕ್ಕದ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ಕೂತ. ಇಂಜಿನ್ ಚೆನ್ನಾಗಿ ಬಿಸಿ ಆಗುವ ತನಕ ರಿಂಗ್ ರೋಡಿನಲ್ಲಿ ನಿಧಾನವಾಗಿ ಸುತ್ತಾಟ. ನೀರು ಬಿಸಿಯಾದರೆ ಸಾಲದು, ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ತಣ್ಣಗಿರುವ ಆಯಿಲ್ ದಪ್ಪ. ಆಗ ಅಳೆದರೆ ಸವೆದ ಇಂಜಿನ್ ಕೂಡ ಒಳ್ಳೆ ಪ್ರೆಶರ್ ತೋರಿಸುತ್ತದೆ.

ನೋಟ್‌ಬುಕ್ಕಿನಲ್ಲಿ ಬಂದದ್ದು ಹೀಗೆ: ಬಿಸಿ ಐಡ್ಲಿಂಗ್‌ನಲ್ಲಿ 22 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ). 2000 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 36. 3000ದಲ್ಲಿ 44. ಇಲ್ಲಿವರೆಗೆ ಏನೂ ತೊಂದರೆ ಇಲ್ಲ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಅನ್ನುವುದು ರೇಸ್ ಇಂಜಿನ್ ಕಟ್ಟುವವರ ಹಳೆಯ ಲೆಕ್ಕ. ಆದರೆ 4000 ದಾಟುತ್ತಿದ್ದಂತೆ ಮುಳ್ಳು ನಡುಗಲು ಶುರುವಾಯಿತು. ಏರಬೇಕಾದ ಪ್ರೆಶರ್ 30ಕ್ಕೆ ಇಳಿಯಿತು.

ಈ ಗ್ಯಾರೇಜಿನ ಬೆಲೆ ನನಗೆ ಗೊತ್ತಾಗಿದ್ದು ಇಲ್ಲೇ. ಪಂಪ್ ಹೋಗಿದೆ ಅಂತ ಅವರು ಷರಾ ಬರೆಯಲಿಲ್ಲ. ಮುಳ್ಳು ಓಡಾಡಿದ ರೀತಿಯನ್ನು ನನ್ನ ಜೊತೆ ಕೂತು ಓದಿದರು. ಬೇರಿಂಗ್ ಸವೆದಿದ್ದರೆ ಬಿಸಿ ಐಡ್ಲಿಂಗ್‌ನಲ್ಲೇ ಪ್ರೆಶರ್ ಬಿದ್ದುಹೋಗುತ್ತದೆ, ವೇಗ ಏರಿದ ಹಾಗೆ ಸುಧಾರಿಸುತ್ತದೆ. ಹೆಚ್ಚಾದ ಪ್ರೆಶರನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಎಲ್ಲ ವೇಗದಲ್ಲೂ ಕಮ್ಮಿ. ಆಯಿಲಿಗೆ ಪೆಟ್ರೋಲ್ ಸೇರಿ ತೆಳ್ಳಗಾಗಿದ್ದರೂ ಬಿಸಿ ಐಡ್ಲಿಂಗ್‌ನಲ್ಲಿ ಗೊತ್ತಾಗುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿದರು, ಪೆಟ್ರೋಲ್ ವಾಸನೆ ಇರಲಿಲ್ಲ. ಕೆಳಗಡೆ ಚೆನ್ನಾಗಿದ್ದು ಮೇಲೆ ಹೋದಾಗ ನಡುಗುತ್ತಾ ಬಿದ್ದರೆ ಪಂಪಿಗೆ ಆಯಿಲ್ ಸಾಲುತ್ತಿಲ್ಲ ಎಂದರ್ಥ. "ಕಬ್ಬಿನ ಹಾಲು ಕುಡಿಯುವಾಗ ಸ್ಟ್ರಾ ಅರ್ಧ ಕಟ್ಟಿಕೊಂಡರೆ ಏನಾಗುತ್ತೆ? ಮೆಲ್ಲಗೆ ಎಳೆದರೆ ಬರುತ್ತೆ. ಜೋರಾಗಿ ಎಳೆದರೆ ಬರೀ ಸದ್ದು." ಮಂಡ್ಯ ಕಡೆಯವಳಾದ ನನಗೆ ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಸಂಪ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಇಳಿಸಿದಾಗ ನನ್ನನ್ನು ಕರೆದು ತೋರಿಸಿದರು. ಬಿಳಿ ಟ್ರೇನಲ್ಲಿ ಪಿಕಪ್ ಸ್ಟ್ರೈನರ್, ಅಂದರೆ ಪಂಪ್ ಆಯಿಲ್ ಎಳೆದುಕೊಳ್ಳುವ ಬಾಯಿಯ ಜಾಲರಿ. ಜಾಲರಿಯ ಮುಕ್ಕಾಲು ಭಾಗ ಕಾಣುತ್ತಲೇ ಇರಲಿಲ್ಲ. ಚಿಮಟದಿಂದ ಎಳೆದಾಗ ಕರಿ ದಾರದಂಥ ರಬ್ಬರ್ ಎಳೆಗಳು ಒಂದೊಂದಾಗಿ ಬಂದವು. ಅದು ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್. ಹಿಂದೆ ಯಾವಾಗಲೋ ಯಾರೋ ಸಂಪ್ ಬಿಚ್ಚಿ, ಕೂರಿಸುವಾಗ ಧಾರಾಳವಾಗಿ ಪೇಸ್ಟ್ ಬಳಿದಿದ್ದಾರೆ. ಹೊರಗೆ ಉಕ್ಕಿದ್ದನ್ನು ಒರೆಸಿದ್ದಾರೆ. ಒಳಗೂ ಅಷ್ಟೇ ಉಕ್ಕಿರುತ್ತದೆ, ಅದನ್ನು ಒರೆಸುವವರು ಯಾರು? ಗಟ್ಟಿಯಾದ ಮೇಲೆ ತುಂಡಾಗಿ ಸೀದಾ ಜಾಲರಿಗೆ ಹೋಗುತ್ತದೆ. ಎಳೆಗಳ ಮಧ್ಯೆ ಕಾರ್ಬನ್ ಸ್ಲಡ್ಜ್ ಸೇರಿ ಗಟ್ಟಿಯಾಗಿತ್ತು. ಒಂದು ಟ್ಯೂಬ್ ಪೇಸ್ಟಿನಿಂದ ಇಡೀ ಇಂಜಿನ್ ಹೋಗಬಹುದಿತ್ತು ಅಂತ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಸ್ಟ್ರೈನರ್ ತೊಳೆದು ಹಾಕಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಆಯಿಲ್ ಸಾಲದೆ ಓಡಿದ ಪಂಪಿನ ಒಳಗೆ ಗುಳ್ಳೆಗಳು ಎದ್ದು ಒಡೆಯುತ್ತವೆ, ಲೋಹವನ್ನೇ ಕೊರೆಯುತ್ತವೆ. ಪಂಪ್ ಬಿಚ್ಚಿ, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ನನ್ನ ಕೈಗೇ ಕೊಟ್ಟು "ನೀವೇ ನೋಡಿ ಮೇಡಂ" ಅಂದರು. ಹೌಸಿಂಗ್ (ಪಂಪಿನ ಹೊರಕವಚ) ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು, ಒಳಗೆ ತಿರುಗುವ ರೋಟರ್ ಮೇಲಿನ ಸಂದು ನೋಡಿದೆ. 0.15 ಮಿ.ಮೀ. ಎಲೆ ಸಲೀಸಾಗಿ ಹೋಯಿತು. ಇಲ್ಲಿ 0.10 ದಾಟಿದರೇ ಯೋಚಿಸಬೇಕು. ಹೌಸಿಂಗ್ ಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗೀರುಗಳಿದ್ದವು. ರಿಲೀಫ್ ವಾಲ್ವ್ ಪಿಸ್ಟನ್ ಬೆರಳಿನಿಂದ ಒತ್ತಿದರೆ ಒಂದು ಜಾಗದಲ್ಲಿ ತಡೆಯುತ್ತಿತ್ತು. ಹೊಸ ಪಂಪ್ ಬೇಕು ಅಂತ ಒಪ್ಪಿಕೊಳ್ಳಲು ಇನ್ನೇನು ಬೇಕು? ಮೊದಲ ವರ್ಕ್‌ಶಾಪ್ ಹೇಳಿದ್ದೂ ಪಂಪ್ ಹಾಕಿ ಅಂತಲೇ, ನಿಜ. ಆದರೆ ಸ್ಟ್ರೈನರ್ ನೋಡದೆ ಹೊಸ ಪಂಪ್ ಹಾಕಿದ್ದರೆ ಅದೂ ಇದೇ ದಾರಿ ಹಿಡಿಯುತ್ತಿತ್ತು.

ಫಿಲ್ಟರನ್ನು ಕಟರ್‌ನಿಂದ ಕತ್ತರಿಸಿದರು. ಹ್ಯಾಕ್‌ಸಾ ಹಾಕಿದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಕಾಗದದ ಮಡಿಕೆ ಬಿಡಿಸಿ ಮ್ಯಾಗ್ನೆಟ್ ಆಡಿಸಿದರು. ಕಬ್ಬಿಣದ ಪುಡಿ ಇರಲಿಲ್ಲ, ಬೇರಿಂಗಿನ ತಾಮ್ರದ ಮಿನುಗೂ ಇರಲಿಲ್ಲ. ಆದರೂ ಒಂದು ಕನೆಕ್ಟಿಂಗ್ ರಾಡ್ ಕ್ಯಾಪ್ ಬಿಚ್ಚಿ, ಬೇರಿಂಗಿನ ಸಂದು ಅಳೆಯುವ ಮೆತ್ತನೆಯ ಪ್ಲಾಸ್ಟಿಗೇಜ್ ಎಳೆ ಇಟ್ಟು, ನಿಗದಿತ ಬಿಗಿತಕ್ಕೆ ಟಾರ್ಕ್ ಮಾಡಿ ತೆಗೆದರು. ಚಪ್ಪಟೆಯಾದ ಎಳೆಯ ಅಗಲ ಅಳತೆಪಟ್ಟಿಯಲ್ಲಿ 0.05 ಮಿ.ಮೀ. ಸಂದಿನ ಗುರುತಿಗೆ ಕೂತಿತು. ಆ ಸೈಜಿನ ಜರ್ನಲ್‌ಗೆ (ಇಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಬೇರಿಂಗ್ ಒಳಗೆ ತಿರುಗುವ ಜಾಗ) ಅದು ಸರಿಯಾದ ಸಂದು. ಇಂಜಿನ್ ಉಳಿದಿತ್ತು.

ಹೊಸ ಪಂಪ್ ಕೂರಿಸುವ ಮೊದಲು ಒಳಗೆ ಆಯಿಲ್ ತುಂಬಿ ಕೈಯಿಂದ ತಿರುಗಿಸಿದರು. ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಇಂಜಿನ್ ಹೊತ್ತಿಕೊಳ್ಳದಂತೆ ಮಾಡಿ, ಗೇಜಿನ ಮುಳ್ಳು ಏಳುವ ತನಕ ಬಿಟ್ಟು ಬಿಟ್ಟು ಸ್ಟಾರ್ಟರ್‌ನಿಂದ ಕ್ರ್ಯಾಂಕ್ ಮಾಡಿದರು. ಮುಳ್ಳು ಎದ್ದ ಮೇಲೇ ಫ್ಯೂಸ್ ವಾಪಸ್. ಒಣ ಪಂಪ್ ಹಾಕಿ ಸೀದಾ ಸ್ಟಾರ್ಟ್ ಮಾಡುವ ಕಡೆ ಈ ಕೆಲಸ ಕೊಡಬೇಡಿ. ಕೊನೆಯಲ್ಲಿ ಮತ್ತೆ ಅದೇ ರಸ್ತೆ, ಅದೇ ನೋಟ್‌ಬುಕ್. 4500ರಲ್ಲಿ 58 ಪಿಎಸ್‌ಐ, ಮುಳ್ಳು ಅಲ್ಲಾಡಲಿಲ್ಲ.

ಗ್ಯಾರೇಜಿನಲ್ಲಿ ಮಾಡಿಫೈ ಮಾಡಿಸುವ ಹುಡುಗರೂ ಬರುತ್ತಾರೆ. ಒಬ್ಬ ಹಗುರ ಅಲ್ಯೂಮಿನಿಯಂ ಕ್ರ್ಯಾಂಕ್ ಪುಲ್ಲಿ (ಕ್ರ್ಯಾಂಕ್ ತುದಿಯ ಚಕ್ರ) ತಂದು ಹಾಕಿಕೊಡಿ ಅಂತ ಕೇಳಿದ. ಮಾಲೀಕರು ಆಗಲ್ಲಪ್ಪ ಅಂದರು. ಅವರು ಹೇಳಿದ್ದು ಸರಿ. ಕಂಪನಿ ಪುಲ್ಲಿಯಲ್ಲಿರುವ ರಬ್ಬರ್ ಡ್ಯಾಂಪರ್ ಕ್ರ್ಯಾಂಕಿನ ತಿರುಚಾಟವನ್ನು ತಡೆಯುತ್ತದೆ. ಪಂಪ್ ನೇರವಾಗಿ ಕ್ರ್ಯಾಂಕ್ ಮೂತಿಯ ಮೇಲೇ ಕೂತಿರುವ ಇಂಜಿನ್‌ಗಳಲ್ಲಿ ಆ ಡ್ಯಾಂಪರ್ ತೆಗೆದರೆ ಪೆಟ್ಟೆಲ್ಲ ಪಂಪಿನ ಗೇರಿಗೆ ಬೀಳುತ್ತದೆ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಇಂಜಿನ್ ಇದಕ್ಕೇ ಹೆಸರುವಾಸಿ. ಅದರ ಹಳೆಯ ಕ್ರ್ಯಾಂಕ್‌ಗಳಲ್ಲಿ ಪಂಪ್ ಹಿಡಿಯುವ ಜಾಗ ಕಿರಿದು, ಪವರ್ ಏರಿಸಿದರೆ ಪಂಪ್ ಒಡೆಯುತ್ತಿತ್ತು. ಮುಂದಿನ ಇಂಜಿನ್‌ಗಳಲ್ಲಿ ಆ ಜಾಗ ಅಗಲ ಮಾಡಿದರು. ನಮ್ಮ ದೇಶಕ್ಕೂ ಬಂದ ಫೋರ್ಡ್ ಮಸ್ಟ್ಯಾಂಗ್‌ನ 5.0 ಲೀಟರ್ ಇಂಜಿನ್‌ಗೆ ಸೂಪರ್‌ಚಾರ್ಜರ್ ಹಾಕುವವರು ಲೋಹದ ಪುಡಿ ಒತ್ತಿ ಮಾಡಿದ ಪಂಪ್ ಗೇರ್ ತೆಗೆದು ಗಟ್ಟಿ ಉಕ್ಕಿನ ಗೇರ್ ಹಾಕಿಸುವುದೂ ಇದೇ ಭಯಕ್ಕೆ. ರೆವ್ ಲಿಮಿಟರ್‌ಗೆ (ಇಂಜಿನ್ ವೇಗದ ಗರಿಷ್ಠ ಮಿತಿಗೆ) ಪದೇ ಪದೇ ಬಡಿಸುವುದು ಆ ಗೇರಿಗೆ ಸುತ್ತಿಗೆ ಏಟು.

ನನಗೆ ಹಿಡಿಸದ್ದೂ ಇದೆ. ಚೈನ್ ಟೆನ್ಷನರ್ (ಇಂಜಿನ್ ಒಳಗಿನ ಚೈನನ್ನು ಬಿಗಿಯಾಗಿ ಹಿಡಿಯುವ ಭಾಗ) ಹೊಸದು ಹಾಕಿ ಅಂತ ನಾನೇ ಕೇಳಬೇಕಾಯಿತು. ಸಂಪ್ ಇಳಿಸಿದ ಮೇಲೆ ಅದನ್ನು ಅವರೇ ಹೇಳಬೇಕಿತ್ತು. ಫೋನ್ ಎತ್ತುವುದು ಅಪರೂಪ. ಪಂಪ್ ಬೆಂಗಳೂರಿನಿಂದ ಬರಬೇಕಾದ್ದರಿಂದ ತಡವಾಯಿತು, ಎಲ್ಲಿಗೆ ಬಂತು ಅಂತ ತಿಳಿಯಲು ಖುದ್ದಾಗಿ ಹೋಗಬೇಕಾಯಿತು. ಕೂರಲು ಒಂದು ಬೆಂಚ್ ಬಿಟ್ಟರೆ ಬೇರೆ ಜಾಗ ಇಲ್ಲ. ಒಟ್ಟು ಬಿಲ್ ಸುಮಾರು 42,000 ರೂಪಾಯಿ. ಅದರಲ್ಲಿ ಪಂಪಿನದೇ ದೊಡ್ಡ ಪಾಲು. ಹಳೆ ಪಾರ್ಟ್‌ಗಳನ್ನೆಲ್ಲ ಕವರಿಗೆ ಹಾಕಿ ವಾಪಸ್ ಕೊಟ್ಟರು.

ಹೊರಡುವಾಗ ಅವರು ಹೇಳಿದ್ದನ್ನು ಈಗ ಪಾಲಿಸುತ್ತಿದ್ದೇನೆ. ಮ್ಯಾನ್ಯುಯಲ್ 15,000 ಕಿ.ಮೀ. ಅಂದರೂ ರೀಮ್ಯಾಪ್ ಆದ ಕಾರಿಗೆ 7,500ಕ್ಕೇ ಆಯಿಲ್ ಬದಲಾವಣೆ. ಪ್ರೆಶರ್ ಕಮ್ಮಿ ಅಂತ ಸುಮ್ನೆ ದಪ್ಪ ಆಯಿಲ್ ಹಾಕುವುದಿಲ್ಲ. ಹಾಕಿದರೆ ಮುಳ್ಳು ಏರುತ್ತದೆ, ರೋಗ ಒಳಗೇ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಟರ್ಬೊ ಎಳೆಯುವುದಿಲ್ಲ. ಊಟಿಗೆ ಹೋಗುವ ಮುನ್ನ ಡಿಪ್‌ಸ್ಟಿಕ್ ನೋಡುವುದು ತಪ್ಪಿಸುವುದಿಲ್ಲ. ಮಸಿನಗುಡಿ ಕಡೆಯ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಆಯಿಲ್ ಕಮ್ಮಿ ಇದ್ದು ಜೋರಾಗಿ ತಿರುಗಿಸಿದರೆ ಸಂಪಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಿಕಪ್ ಗಾಳಿ ಎಳೆಯುತ್ತದೆ. ಹಾಗಂತ ಜಾಸ್ತಿ ತುಂಬುವುದೂ ಬೇಡ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ಬೇರಿಂಗನ್ನು ಕಾಯುವುದಿಲ್ಲ.

ಖಾಯಂ ಗೇಜ್ ಕೂಡ ಹಾಕಿಸಿದ್ದೇನೆ. ಸಾಮಾನ್ಯ ಸ್ವಿಚ್ ಲೈಟ್ ಹಚ್ಚುವುದು ಪ್ರೆಶರ್ 5–7 ಪಿಎಸ್‌ಐಗೆ ಇಳಿದ ಮೇಲೆ. ನನ್ನ ಕಾರಿನಲ್ಲಿ ಮೇಲಿನ ವೇಗಕ್ಕೆ ಎರಡನೇ ಸ್ವಿಚ್ ಇದ್ದುದರಿಂದ ಮೊದಲೇ ಗೊತ್ತಾಯಿತು. ಒಂದೇ ಸ್ವಿಚ್ ಇರುವ ಕಾರಿಗೆ ಪವರ್ ಏರಿಸಿದ್ದರೆ ಗೇಜ್ ಹಾಕಿಸಲೇಬೇಕು.

ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಆಗ ಮಾಲೀಕರು ಮಾತಿಗೆ ಸಿಗುತ್ತಾರೆ. ಯಾವ ಆಯಿಲ್ ಹಾಕಿದ್ದು, ಯಾವಾಗ ಬದಲಾಯಿಸಿದ್ದು, ಹಿಂದೆ ಸಂಪ್ ಬಿಚ್ಚಿಸಿದ್ದುಂಟಾ ಅಂತ ಕೇಳುತ್ತಾರೆ, ಸರ್ವಿಸ್ ಬಿಲ್‌ಗಳನ್ನು ಜೊತೆಗೆ ಒಯ್ಯಿರಿ. ಪ್ರೆಶರ್ ಲೈಟ್ ಬಂದ ಕಾರನ್ನು ಓಡಿಸಿಕೊಂಡು ಹೋಗಬೇಡಿ. ಟೋ ಗಾಡಿ ಗ್ಯಾರೇಜಿನ ಬಾಗಿಲ ತನಕ ಬರುತ್ತದೆ.