ಚೆಂಬೇರಿ ಮಾದರಿಯ ಮರ ಹತ್ತುವ ಸಾಧನ: ಗುಬ್ಬಿ ಕಡೆಯ ತೋಟದಲ್ಲಿ ಬಳಸಿದ ಮೇಲೆ

ತೆಂಗಿನ ಮರ ಹತ್ತುವ ಸಾಧನ ಕೊಳ್ಳಬಹುದಾ ಅಂತ ನನ್ನನ್ನು ಕೇಳುವವರು ಜಾಸ್ತಿ ಆಗಿದ್ದಾರೆ. ಸಂತೆಯಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಸಾಧನ ಚೆನ್ನಾಗಿದೆ. ಆದರೆ ಕಲಿಯದೆ ಕೊಳ್ಳಬೇಡಿ. ಅಂಗಡಿಯಿಂದ ತಂದು ಅವತ್ತೇ ಮರಕ್ಕೆ ಕಟ್ಟುವ ವಸ್ತು ಇದಲ್ಲ.

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕು. ಎಕರೆ ಮೇಲೆ ಸ್ವಲ್ಪ ತೋಟ. ಮಾವನವರು ಹಾಕಿದ ತಿಪಟೂರು ಟಾಲ್ ತಳಿಯ ತೆಂಗಿನ ಮರಗಳು, ಎಲ್ಲ ಎತ್ತರಕ್ಕೆ ಹೋಗಿವೆ. ನನಗೀಗ ನಲವತ್ತೆರಡು. ಯಜಮಾನರಿಗೆ ಮಂಡಿ ನೋವು, ಏಣಿ ಹತ್ತುವುದೂ ಕಷ್ಟ. ಕಾಯಿ ಕೆಡವುವವರು ಸಿಗದ ಪಾಡು ನಮ್ಮ ಜಿಲ್ಲೆಯ ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ ಬರುತ್ತೇನೆ ಅಂದವರು ಅದರ ಮುಂದಿನ ಸೋಮವಾರ ಬರುತ್ತಾರೆ. ನಮ್ಮೂರಲ್ಲಿ ಮರಕ್ಕೆ ಐವತ್ತು ರೂಪಾಯಿ ಕೇಳುತ್ತಾರೆ. ಅದು ಜಾಸ್ತಿ ಅಂತ ನಾನು ಯಾವತ್ತೂ ಅಂದವಳಲ್ಲ. ಕಾಲಿಗೆ ಹಗ್ಗದ ಬಳೆಯಂಥ ಒಂದು ತಳೆ ಹಾಕಿಕೊಂಡು, ಜೀವ ಕೈಯಲ್ಲಿ ಹಿಡಿದು ಹತ್ತುವ ಕೆಲಸ ಅದು. ಅವರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗಿದ್ದಾರೆ, ಒಳ್ಳೆಯದೇ ಆಯಿತು. ಆದರೆ ನಮ್ಮ ತೋಟದ ಕೆಲಸ ನಿಲ್ಲಬಾರದು ಅಲ್ವಾ? ದೋಟಿಗೆ ಎಟುಕುವ ಮರ ನಮ್ಮಲ್ಲಿ ನಾಲ್ಕೈದು ಇದ್ದರೆ ಹೆಚ್ಚು.

ನಾನು ಹೊಲಿಗೆ ಕಲಿತದ್ದು ಮದುವೆಗೆ ಮುಂಚೆ. ಬೋರ್‌ವೆಲ್ ಪ್ಯಾನೆಲ್ ಬೋರ್ಡ್‌ನಲ್ಲಿ ಮೂರು ಫೇಸೂ ಬಂದಿದೆಯಾ ನೋಡಿ ಮೋಟರ್ ಹಾಕುವುದು, ಫ್ಯೂಸ್ ಹೋಗಿದ್ದರೆ ಮೇನ್ ಆಫ್ ಮಾಡಿ ಬದಲಿಸುವುದು, ಇದನ್ನೆಲ್ಲ ಮಾವನವರು ಹಾಸಿಗೆ ಹಿಡಿದ ವರ್ಷ ಅವರ ಬಾಯಿಂದಲೇ ಕೇಳಿ ಕಲಿತೆ. ಸ್ಕೂಟರ್ ಕಲಿತದ್ದು ಮಗಳು ಹೈಸ್ಕೂಲು ಸೇರಿದಾಗ. ಒಂದೊಂದು ಕಲಿತಾಗಲೂ ಒಬ್ಬೊಬ್ಬರಿಗೆ ಕಾಯುವುದು ತಪ್ಪಿತು. ಮರ ಒಂದು ಬಾಕಿ ಉಳಿದಿತ್ತು.

ತೆಂಗು ಅಭಿವೃದ್ಧಿ ಮಂಡಳಿಯವರು ‘ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ’ ಅಂತ ಒಂದು ತರಬೇತಿ ಕೊಡುತ್ತಾರೆ. 2011ರಲ್ಲಿ ಶುರುವಾದದ್ದು. ಆರು ದಿನ ನಡೆಯುತ್ತದೆ. ನಾನು ಕಲಿತದ್ದು ಅದರಲ್ಲೇ, ಕೈಗೆ ಸಾಧನ ಬಂದದ್ದೂ ಅಲ್ಲಿಂದಲೇ. ಸಾಧನದ ಮಾದರಿ ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಅನ್ನುವವರದ್ದು. ಅದಕ್ಕೇ ಎಲ್ಲರೂ ಚೆಂಬೇರಿ ಮಾದರಿ ಅನ್ನುತ್ತಾರೆ. ಕೂತು ಹತ್ತುವ ಬೇರೆ ಮಾದರಿಯೂ ಇದೆ. ಅದನ್ನು ನಾನು ಬಳಸಿಲ್ಲ, ಹಾಗಾಗಿ ನಿಂತು ಹತ್ತುವ ಇದರ ಬಗ್ಗೆ ಮಾತ್ರ ಹೇಳುತ್ತೇನೆ.

ಎಡಗಾಲಿಗೆ ಒಂದು, ಬಲಗಾಲಿಗೆ ಒಂದು, ಹೀಗೆ ಎರಡು ಕಬ್ಬಿಣದ ಚೌಕಟ್ಟು. ಪ್ರತಿಯೊಂದಕ್ಕೂ ಕೆಳಗೆ ಪಾದ ಇಡುವ ಜಾಗ, ಮೇಲೆ ಕೈಹಿಡಿ. ಮರ ಬಳಸಿಕೊಂಡು ಬರಲು ಉಕ್ಕಿನ ತಂತಿ ಹಗ್ಗ. ಮರಕ್ಕೆ ಒತ್ತುವ ಕಡೆ ರಬ್ಬರ್. ಮೋಟರ್ ಇಲ್ಲ, ಸ್ಪ್ರಿಂಗ್ ಇಲ್ಲ, ಎಲ್ಲ ನಮ್ಮ ಭಾರದ ಮೇಲೇ ನಡೆಯುತ್ತದೆ. ಕಾಲೂರಿ ನಿಂತಾಗ ತಂತಿ ಹಗ್ಗ ಬಿಗಿದು ಮರವನ್ನು ಕಚ್ಚುತ್ತದೆ. ಕಾಲು ಹಗುರ ಮಾಡಿ ಕೈಹಿಡಿ ಎತ್ತಿದರೆ ಸಡಿಲವಾಗಿ ಮೇಲಕ್ಕೆ ಜಾರುತ್ತದೆ. ಎಡಗೈ ಎಡಗಾಲು ಒಟ್ಟಿಗೆ, ಆಮೇಲೆ ಬಲಗೈ ಬಲಗಾಲು ಒಟ್ಟಿಗೆ. ಒಂದು ಚೌಕಟ್ಟನ್ನು ಇನ್ನೊಂದಕ್ಕಿಂತ ಮೇಲೆ ಕಟ್ಟಬೇಕು. ಇಲ್ಲದಿದ್ದರೆ ಎರಡು ಹಗ್ಗ ಒಂದಕ್ಕೊಂದು ತಾಕುತ್ತವೆ. ನನ್ನದನ್ನು ತೂಕಕ್ಕೆ ಹಾಕಿದಾಗ ಎರಡೂ ಸೇರಿ ಒಂಬತ್ತು ಕೆಜಿ ಹತ್ತಿರ ಬಂತು.

ಓದಿದರೆ ಇಷ್ಟೇನಾ ಅನ್ನಿಸುತ್ತದೆ. ಮರದ ಮೇಲೆ ನಿಂತಾಗ ವಿಷಯ ಬೇರೆ. ತರಬೇತಿಯಲ್ಲಿ ಮೊದಲು ಆಳೆತ್ತರಕ್ಕಿಂತ ಮೇಲೆ ಬಿಡುವುದೇ ಇಲ್ಲ. ಅಷ್ಟೇ ಎತ್ತರದಲ್ಲಿ ಹತ್ತು, ಇಳಿ, ಮತ್ತೆ ಹತ್ತು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹತ್ತುವಾಗ ಕಣ್ಣು ಮೇಲಿರುತ್ತದೆ, ಇಳಿಯುವಾಗ ಪಾದ ಎಲ್ಲಿದೆ ಅಂತ ದೇಹಕ್ಕೇ ಗೊತ್ತಾಗಬೇಕು. ಅವಸರದಲ್ಲಿ ಭಾರ ಪೂರ್ತಿ ಬಿಡದೆ ಹಿಡಿ ಎಳೆದರೆ ಹಗ್ಗ ಸಿಕ್ಕಿಕೊಳ್ಳುತ್ತದೆ. ಆಗ ಗಾಬರಿಯಾಗದೆ ಇನ್ನೊಂದು ಕಾಲಿಗೆ ಭಾರ ಹಾಕಿ ಇದನ್ನು ಬಿಡಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಈ ಒಂದು ಪಾಠಕ್ಕಾದರೂ ತರಬೇತಿಗೆ ಹೋಗಬೇಕು. ವಿಡಿಯೊ ನೋಡಿ ಕಲಿಯುತ್ತೇನೆ ಅನ್ನುವವರಿಗೆ ನಾನು ಕೈ ಮುಗಿದು ಬೇಡ ಅನ್ನುತ್ತೇನೆ.

ಸುಳಿ ಹತ್ತಿರ ಹೋದ ಮೇಲೆ ಇನ್ನೊಂದು ಪಾಠ. ಕೈ ಹಾಕುವುದಾದರೆ ಹಸಿರು ಮಟ್ಟೆಗೆ ಮಾತ್ರ. ಒಣಗಿದ ಮಟ್ಟೆ ಹಿಡಿದರೆ ಅದು ಕೈಯಲ್ಲೇ ಕಿತ್ತು ಬರುತ್ತದೆ. ಮೊದಲು ಕಟ್ಟಿರುವೆ, ಕಣಜದ ಗೂಡು ಇದೆಯಾ ಅಂತ ಕೆಳಗಿನಿಂದಲೇ ನೋಡಬೇಕು. ಮಚ್ಚನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಕೆಳಗೆ ಮರದ ಸುತ್ತ ಯಾರೂ ಇರಬಾರದು. ನಮ್ಮ ಅತ್ತೆಯವರು ಮೊದಮೊದಲು ಮರದ ಬುಡದಲ್ಲೇ ನಿಂತು “ಸಾಕು ಇಳಿಯವ್ವ, ಹಿಡ್ಕೊಂಡಿದೀಯಾ ಸರಿಯಾಗಿ?” ಅನ್ನುತ್ತಿದ್ದರು. ಅವರನ್ನು ದೂರ ಕೂರಿಸುವುದೇ ಒಂದು ಕೆಲಸವಾಗಿತ್ತು. “ಅತ್ತೆ, ನೀವು ಅಲ್ಲಿ ನಿಂತರೆ ನಾನು ಕಾಯಿ ಬಿಡೋಕಾಗಲ್ಲ” ಅಂದ ಮೇಲೆ ಬದುವಿನ ಮೇಲೆ ಹೋಗಿ ಕೂತರು. ಈಗ ಬಿದ್ದ ಕಾಯಿ ರಾಶಿ ಹಾಕುವ ಉಸ್ತುವಾರಿ ಅವರದ್ದೇ.

ಕೂಲಿ ಉಳಿತಾಯದ ಲೆಕ್ಕ ಎಲ್ಲರೂ ಕೇಳುತ್ತಾರೆ. ಅದು ಇದೆ, ಆದರೆ ನನಗೆ ದೊಡ್ಡದು ಅನ್ನಿಸಿದ್ದು ಬೇರೆ. ನಮ್ಮ ಮರದ ತಲೆಯಲ್ಲಿ ಏನಾಗುತ್ತಿದೆ ಅಂತ ಇಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ. ತೆಂಗಿಗೆ ಸುಮಾರಾಗಿ ತಿಂಗಳಿಗೊಂದು ಗರಿ ಬರುತ್ತದೆ, ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಅಂದರೆ ಮೇಲಿನಿಂದ ಕೆಳಗೆ ಗೊನೆ ಎಣಿಸುತ್ತಾ ಬಂದರೆ ಯಾವ ಗೊನೆಗೆ ಎಷ್ಟು ತಿಂಗಳು ಅಂತ ಅಂದಾಜು ಸಿಗುತ್ತದೆ. ಎಳನೀರಿಗೆ ಆರೇಳು ತಿಂಗಳಿನದು. ಕೊಬ್ಬರಿಗೆ ಪೂರ್ತಿ ಬಲಿತ, ಹನ್ನೊಂದು ಹನ್ನೆರಡು ತಿಂಗಳಿನದು. ಕೆಳಗೆ ನಿಂತು ಇದನ್ನು ಎಣಿಸಲು ಆಗುವುದಿಲ್ಲ.

ಉಂಡೆ ಕೊಬ್ಬರಿ ಮಾಡುವವರಿಗೆ ಇದು ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ. ಕಾಯಿ ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದ ತನಕ ಕೂತಿರುತ್ತದೆ. ಬಲಿಯದ ಕಾಯಿ ಸೇರಿಕೊಂಡರೆ ಕೊಬ್ಬರಿ ಸುರುಟಿಕೊಳ್ಳುತ್ತದೆ, ರಬ್ಬರಿನ ಹಾಗೆ ಆಗುತ್ತದೆ. ಸುಲಿದ ಮೇಲೆ ತಿಪಟೂರಿನ ಮಾರುಕಟ್ಟೆಗೆ ಒಯ್ದಾಗ ಅಂಥದ್ದನ್ನೆಲ್ಲ ಬೇರೆ ಮಾಡಿ ಕಡಿಮೆ ರೇಟು ಹೇಳುತ್ತಾರೆ. ಕೂಲಿಯವರು ವರ್ಷಕ್ಕೆ ಕೆಲವೇ ಸಲ ಬರುವವರು. ಬಂದಾಗ ಬಲಿತದ್ದರ ಜೊತೆ ಅರ್ಧ ಬಲಿತದ್ದೂ ಇಳಿಯುತ್ತಿತ್ತು. ಮತ್ತೆ ಯಾವಾಗ ಬರುತ್ತಾರೋ ಅಂತ ನಾವೇ ಕೆಡವಿಸುತ್ತಿದ್ದೆವು. ಈಗ ಇವತ್ತು ಒಂದು ಗೊನೆ, ಮುಂದಿನ ತಿಂಗಳು ಅದರ ಮೇಲಿನದು. ಅಟ್ಟಕ್ಕೆ ಹೋಗುವ ಕಾಯಿಯೆಲ್ಲ ಬಲಿತದ್ದೇ.

ಇನ್ನೊಂದು ರೋಗ, ಹುಳದ ವಿಷಯ. ಮೂತಿಯ ಮೇಲೆ ಕೊಂಬಿರುವ ಕಪ್ಪು ದುಂಬಿ ಗೊತ್ತಲ್ಲ, ಕುರುವಾಯಿ ಅನ್ನುತ್ತಾರೆ. ತಿಪ್ಪೆಯಲ್ಲಿ ಮರಿಯಾಗಿ ಸುಳಿಗೆ ಬಂದು ಕೊರೆಯುತ್ತದೆ. ಗರಿ ಬಿಚ್ಚಿಕೊಂಡಾಗ ಎರಡೂ ಕಡೆ ಕತ್ತರಿಸಿದ ಹಾಗೆ ಕಾಣುತ್ತದೆ. ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಅದು ಒಳಗೆ ಸೇರಿದರೆ ಮರವೇ ಹೋಗುತ್ತದೆ. ಮೇಲೆ ಹತ್ತಿದಾಗ ಕಬ್ಬಿಣದ ಕೊಕ್ಕೆಯಿಂದ ದುಂಬಿಯನ್ನು ಎಳೆದು ತೆಗೆಯುವುದು, ಸುಳಿಯ ಪಕ್ಕದ ಗರಿಗಳ ಸಂದಿಗೆ ಬೇವಿನ ಹಿಂಡಿಯ ಪುಡಿಯನ್ನು ಅಷ್ಟೇ ಮರಳಿನ ಜೊತೆ ಕಲಸಿ ತುಂಬುವುದು, ಇದನ್ನು ತರಬೇತಿಯಲ್ಲೇ ತೋರಿಸಿದರು. ನುಸಿ ಬಿದ್ದ ಕಾಯಿ ಹೇಗಿರುತ್ತದೆ, ಕಪ್ಪು ತಲೆ ಹುಳು ಗರಿಯ ಅಡಿ ಎಲ್ಲಿ ಕೂರುತ್ತದೆ, ಅದನ್ನೂ ನಾನು ನೋಡಿದ್ದು ಅಲ್ಲೇ. ಬದುವಿನ ಪಕ್ಕದ ಒಂದು ಮರ ಸುಳಿ ಬಾಡಿ ಹೋಗುತ್ತಿತ್ತು. ಯಜಮಾನರು ಕಡಿಸಿಬಿಡೋಣ ಅಂದಿದ್ದರು. ಸುಳಿ ಬಿಡಿಸಿ ದುಂಬಿ ತೆಗೆದು ಹಿಂಡಿ ಹಾಕಿದ ಮೇಲೆ ಹೊಸ ಗರಿ ಬಂತು, ಈಗ ಹೊಂಬಾಳೆ ಬಿಟ್ಟಿದೆ. ಈ ಒಂದು ಮರದ ಸಂತೋಷ ನನಗೆ ಕೂಲಿ ಉಳಿತಾಯಕ್ಕಿಂತ ದೊಡ್ಡದು.

ಕೊರತೆಗಳನ್ನೂ ಹೇಳಬೇಕು. ಮರದಿಂದ ಮರಕ್ಕೆ ಹೋಗುವಾಗ ಪ್ರತಿ ಸಲ ಬಿಚ್ಚಿ ಕಟ್ಟಬೇಕು. ಹೀಗಾಗಿ ತಳೆ ಹಾಕಿ ಹತ್ತುವ ಅನುಭವಸ್ಥರ ವೇಗ ಬರುವುದಿಲ್ಲ. ದಿನಕ್ಕೆ ಹತ್ತಾರು ಮರ ಹತ್ತುವ ತೋಟವಾದರೆ ಒಬ್ಬರಿಂದ ಆಗದು. ಬಾಗಿದ ಮರಕ್ಕೆ ಸರಿಹೋಗಲ್ಲ. ಬುಡ ತುಂಬ ದಪ್ಪ ಇದ್ದರೆ ಹಗ್ಗ ಮೊದಲು ಸಡಿಲ ಇಟ್ಟು, ಮೇಲೆ ಮರ ಸಣ್ಣಗಾದ ಮೇಲೆ ಸರಿಮಾಡಿಕೊಳ್ಳಬೇಕು, ಅದಕ್ಕೆ ತಾಳ್ಮೆ ಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರ ಜಾರುತ್ತದೆ. ಮಳೆ ನಿಂತ ಮೇಲೂ ಮರ ಒಣಗುವ ತನಕ ನಾನು ಹತ್ತುವುದಿಲ್ಲ. ಮೊದಲ ವಾರಗಳಲ್ಲಿ ತೊಡೆ, ಭುಜ ಎರಡೂ ನೋಯುತ್ತವೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಸುರಕ್ಷತೆಯದ್ದು. ಮೂಲ ಮಾದರಿಯಲ್ಲಿ ಸೊಂಟಕ್ಕೆ ಬೆಲ್ಟ್ ಇಲ್ಲ. ಕೈ ತಪ್ಪಿದರೆ ಹಿಡಿಯಲು ಏನೂ ಇಲ್ಲ. ಸುರಕ್ಷತೆಯ ಬೆಲ್ಟ್, ಮರ ಬಳಸುವ ಹಗ್ಗ ಬೇರೆಯಾಗಿ ಸಿಗುತ್ತವೆ. ಅದಿಲ್ಲದೆ ನಾನು ಒಂದು ಮಾರು ಕೂಡ ಹತ್ತುವುದಿಲ್ಲ. ಮರ ಹತ್ತುವವರಿಗೆ ಮಂಡಳಿಯ ‘ಕೇರ ಸುರಕ್ಷಾ’ ಅನ್ನುವ ಅಪಘಾತ ವಿಮೆಯೂ ಇದೆ. ತರಬೇತಿ ಮುಗಿಸಿದವರು ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ಪ್ರತಿ ವರ್ಷ ಮುಂದುವರಿಸುವುದನ್ನು ಮರೆಯಬೇಡಿ.

ಹೆಂಗಸರು ನನ್ನನ್ನು ಗುಟ್ಟಾಗಿ ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಕೊಡುತ್ತೇನೆ. ಹೌದು, ನಮ್ಮ ಕೈಲಿ ಆಗುತ್ತದೆ. ತೋಳಿನ ಬಲಕ್ಕಿಂತ ಕಾಲಿನ ಬಲ ಬೇಕು. ದಿನಾ ನೀರು ಹೊತ್ತು, ಮೇವು ಹೊತ್ತು ನಡೆಯುವ ನಮಗೆ ಅದು ಇದ್ದೇ ಇದೆ. ಸೀರೆ ಬೇಡ, ಪ್ಯಾಂಟು, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಊರಿನವರು ಒಂದೆರಡು ವಾರ ನಿಂತು ನೋಡುತ್ತಾರೆ. ಆಮೇಲೆ ಅವರೇ “ನಮ್ಮ ಮನೆ ಮುಂದಿನ ಮರದಲ್ಲಿ ನಾಲ್ಕು ಎಳನೀರು ಕೆಡವಿ ಕೊಡಕ್ಕ” ಅಂತ ಬರುತ್ತಾರೆ. ತಲೆ ಸುತ್ತು, ಬಿಪಿ, ಬೆನ್ನು ನೋವು ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೋಗಬೇಡಿ.

ತರಬೇತಿಯಲ್ಲಿ ಕೊಟ್ಟ ನನ್ನ ಸಾಧನ ಇನ್ನೂ ಗಟ್ಟಿಯಾಗಿದೆ. ರಬ್ಬರ್ ಒಂದು ಸಲ ಬದಲಿಸಿದ್ದೇನೆ. ಪ್ರತಿ ಸಲ ಬಳಸಿದ ಮೇಲೆ ತಂತಿ ಹಗ್ಗವನ್ನು ಬಟ್ಟೆಯಿಂದ ಒರೆಸಿ ಎಣ್ಣೆ ಕೈ ಆಡಿಸುತ್ತೇನೆ. ಪಾದ ಇಡುವ ಜಾಗಕ್ಕೆ, ರಬ್ಬರಿಗೆ ಎಣ್ಣೆ ತಾಕಬಾರದು. ಹಗ್ಗದ ಒಂದು ಎಳೆ ಕಿತ್ತು ಮುಳ್ಳಿನ ಹಾಗೆ ಎದ್ದಿದ್ದರೂ ಅದನ್ನು ಬಳಸಬಾರದು, ಹಗ್ಗವನ್ನೇ ಬದಲಿಸಬೇಕು.

ತುರುವೇಕೆರೆ ಕಡೆ ಇರುವ ನನ್ನ ತಮ್ಮ ಇಂಥದ್ದೇ ಒಂದನ್ನು ಅಂಗಡಿಯಲ್ಲಿ 3,200 ರೂಪಾಯಿಗೆ ಕೊಂಡ. ನೋಡಲು ನನ್ನದರ ಹಾಗೇ ಇತ್ತು, ಬಣ್ಣ ಇನ್ನೂ ಚೆಂದ. ಕೈಹಿಡಿಯ ಹತ್ತಿರ ಬೆರಳಾಡಿಸಿದರೆ ವೆಲ್ಡಿಂಗ್ ಅರ್ಧಕ್ಕೇ ನಿಂತಿತ್ತು, ಮೇಲೆ ಬಣ್ಣ ಬಳಿದಿದ್ದರು. ಆಳೆತ್ತರದಲ್ಲಿ ನಿಂತು ಕುಲುಕಿ ನೋಡಿದಾಗ ಪಾದದ ಜಾಗ ಒಂದು ಕಡೆ ವಾಲಿತು. ವಾಪಸ್ ಕೊಡಲು ಹೋದರೆ ಅಂಗಡಿಯವರು ಬಳಸಿದ ಮಾಲು ತೆಗೆದುಕೊಳ್ಳಲ್ಲ ಅಂತ ವಾದ ಮಾಡಿದರು. ಬಿಲ್ಲು ಇದ್ದದ್ದರಿಂದ ಕೊನೆಗೆ ಬೇರೆ ಕೊಟ್ಟರು. ಜೀವ ನೇತಾಡುವ ವಸ್ತುವಿನಲ್ಲಿ ಹೀಗೆ ಮಾಡುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ನಮ್ಮ ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಎರಡಿವೆ, ತಿಪಟೂರು ಹತ್ತಿರ ಕೊನೇಹಳ್ಳಿಯಲ್ಲಿ ಒಂದು, ತುಮಕೂರು ಹತ್ತಿರ ಹಿರೇಹಳ್ಳಿಯಲ್ಲಿ ಒಂದು. ಮುಂದಿನ ತರಬೇತಿ ಎಲ್ಲಿ, ಯಾವಾಗ, ವಯಸ್ಸಿನ ಮಿತಿ ಎಷ್ಟು ಅಂತ ಅಲ್ಲಿ ವಿಚಾರಿಸಿ. ಹೆಸರು ಕೊಟ್ಟು ಬನ್ನಿ. ಕಲಿತ ಮೇಲೂ ಎರಡನೆಯದು ಬೇಕಾಗಿ ಅಂಗಡಿಗೆ ಹೋದರೆ, ವೆಲ್ಡಿಂಗ್ ಸುತ್ತಲೂ ಪೂರ್ತಿ ಇದೆಯಾ ಬೆರಳಾಡಿಸಿ ನೋಡಿ. ತಂತಿ ಹಗ್ಗದ ತುದಿಗಳನ್ನು ಎಳೆದು ನೋಡಿ. ನಿಮ್ಮ ತೋಟದ ದಪ್ಪ ಮರದ ಸುತ್ತಳತೆಯನ್ನು ದಾರದಲ್ಲಿ ಹಿಡಿದುಕೊಂಡು ಹೋಗಿ, ಹಗ್ಗ ಅಷ್ಟಕ್ಕೆ ಸಾಲುತ್ತದಾ ನೋಡಿ. ಬೆಲ್ಟ್ ಜೊತೆಗೇ ಕೇಳಿ, ಬಿಲ್ಲು ತೆಗೆದುಕೊಳ್ಳಿ. ಇಷ್ಟೂ ಆದ ಮೇಲೆ ದುಡ್ಡು ಕೊಡಿ.