ಗಲ್ಲಾದ ಮೇಲಿನ ಸೌಂಡ್ ಬಾಕ್ಸ್: ಹಬ್ಬದ ಸೀಜನ್ನಿನಲ್ಲಿ ಅದು ಕಾಯುವುದೆಷ್ಟು, ಬಿಡುವುದೆಷ್ಟು

ಬೆಳಗಾವಿಯಲ್ಲಿ ಕುಂದಾ, ಕರದಂಟು, ಫರಾಳದ ಚಿಕ್ಕ ಅಂಗಡಿ ನಡೆಸುವವರಿಗೆ ಗಣೇಶ ಚೌತಿಯಿಂದ ದೀಪಾವಳಿ ಪಾಡ್ಯದವರೆಗಿನ ದಿನಗಳೇ ವರ್ಷದ ದುಡಿಮೆ. ಖಡೇಬಜಾರ್, ಗಣಪತ್ ಗಲ್ಲಿಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುವ ಆ ಸಂಜೆಗಳಲ್ಲಿ ಒಬ್ಬರು ತೂಕ ಮಾಡುತ್ತ, ಒಬ್ಬರು ಡಬ್ಬಿ ಕಟ್ಟುತ್ತ, ಒಬ್ಬರು ಹಣ ನೋಡಿಕೊಳ್ಳುತ್ತ ನಿಂತಿರುತ್ತಾರೆ. ಗಿರಾಕಿ ತೋರಿಸಿದ ಮೊಬೈಲನ್ನು ಕೈಗೆ ತೆಗೆದುಕೊಂಡು ಓದುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ಮೋಸಗಾರರು ಹಬ್ಬದ ದಿನಗಳನ್ನೇ ಆರಿಸಿಕೊಳ್ಳುವುದು ಈ ಅವಸರವನ್ನು ನಂಬಿ. ಕಳೆದ ಸೀಜನ್ನಿಗೆ ಮುಂಚೆ ನಾವು ಯುಪಿಐ ಪಾವತಿಯನ್ನು ಕೂಗಿ ಹೇಳುವ ಸೌಂಡ್ ಬಾಕ್ಸನ್ನು ಬಾಡಿಗೆಗೆ ತೆಗೆದುಕೊಂಡೆವು. ಅದು ಇಡೀ ಸೀಜನ್ ಹೇಗೆ ನಡೆಯಿತು ಎಂಬುದನ್ನು ನಮ್ಮಂತಹ ಅಂಗಡಿಕಾರರಿಗಾಗಿ ಬರೆಯುತ್ತಿದ್ದೇನೆ.

ಯಂತ್ರ ಅಂಗೈಗಿಂತ ತುಸು ದೊಡ್ಡದು. ಒಳಗೆ ತನ್ನದೇ ಸಿಮ್ ಮತ್ತು ಬ್ಯಾಟರಿ ಇರುತ್ತವೆ; ಮುಂಭಾಗದಲ್ಲಿ ಅಂಗಡಿಯ ಕ್ಯೂಆರ್ ಕೋಡ್ ಅಂಟಿಸಿರುತ್ತದೆ. ಭಾಷೆಯನ್ನು ಆರಿಸಿಕೊಳ್ಳಬಹುದು, ನಾವು ಕನ್ನಡವನ್ನೇ ಇಟ್ಟಿದ್ದೇವೆ. 2016ರಲ್ಲಿ ಯುಪಿಐ ಬಂದ ಮೊದಲ ವರ್ಷಗಳಲ್ಲಿ ಗಿರಾಕಿಯ ಪರದೆಯ ಮೇಲಿನ ಹಸಿರು ಗುರುತನ್ನೇ ನಾವೆಲ್ಲ ರಸೀದಿ ಎಂದು ನಂಬುತ್ತಿದ್ದೆವು. ಈಗ ಅದೇ ಬಣ್ಣ, ಅದೇ ಅಕ್ಷರ, ಅಂಗಡಿಯ ಹೆಸರು, ಮೊತ್ತ ಎಲ್ಲವನ್ನೂ ಹಾಗೆಯೇ ತೋರಿಸುವ ನಕಲಿ ಆ್ಯಪ್‌ಗಳಿವೆ. ಸೌಂಡ್ ಬಾಕ್ಸಿನ ನಿಜವಾದ ಗುಣ ಇಲ್ಲಿದೆ: ಪಾವತಿ ಆಯಿತೆಂಬ ಸುದ್ದಿ ಕಂಪನಿಯ ಸರ್ವರಿನಿಂದ ನೇರವಾಗಿ ಯಂತ್ರದೊಳಗಿನ ಸಿಮ್‌ಗೆ ಬರುತ್ತದೆ, ಗಿರಾಕಿಯ ಮೊಬೈಲಿಗೆ ಅದರಲ್ಲಿ ಯಾವ ಪಾತ್ರವೂ ಇಲ್ಲ.

ಧನತ್ರಯೋದಶಿಯ ಸಂಜೆ ಇದು ಚೆನ್ನಾಗಿ ಮನವರಿಕೆಯಾಯಿತು. ಎರಡು ಕಿಲೋ ಕುಂದಾ, ಒಂದು ಕಿಲೋ ಕರದಂಟು ಕಟ್ಟಿಸಿಕೊಂಡ ಯುವಕನೊಬ್ಬ ಮೊಬೈಲನ್ನು ಮೇಲೆತ್ತಿ ಹಿಡಿದು, "ಮಾಲಕ್ರ, ರೊಕ್ಕ ಹಾಕೇನ್ರಿ, ಇಲ್ಲೆ ನೋಡ್ರಿ" ಎಂದ. ಪರದೆಯ ಮೇಲೆ ನಮ್ಮ ಅಂಗಡಿಯ ಹೆಸರಿತ್ತು, ಮೊತ್ತವೂ ಸರಿಯಿತ್ತು. ಗಲ್ಲಾದಲ್ಲಿದ್ದ ನಮ್ಮ ಹುಡುಗ ಚೀಲದ ಮೇಲಿನ ಕೈಯನ್ನು ತೆಗೆಯಲಿಲ್ಲ. "ಒಂದ್ ನಿಮಿಷ ತಡೀರಿ ಅಣ್ಣಾರ, ಪೆಟಗಿ ಇನ್ನೂ ಹೇಳಿಲ್ಲ" ಎಂದು ಮುಂದಿನವರ ಲೆಕ್ಕಕ್ಕೆ ತಿರುಗಿದ. ಆ ನಡುವೆ ಬೇರೆಯವರ ಎರಡು ಮೂರು ಪಾವತಿಗಳನ್ನು ಯಂತ್ರ ಸ್ಪಷ್ಟವಾಗಿ ಕೂಗಿತು. ಅಂದರೆ ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಯುವಕ ಮೊದಲು ಸರ್ವರ್ ಡೌನ್ ಎಂದ, ಆಮೇಲೆ ಗಾಡಿಯಲ್ಲಿ ಮನೆಯವರು ಕಾಯುತ್ತಿದ್ದಾರೆ ಎಂದ, ಕೊನೆಗೆ ಎಟಿಎಮ್ಮಿನಿಂದ ಹಣ ತರುತ್ತೇನೆಂದು ಹೋದವನು ಮರಳಲಿಲ್ಲ. ಹುಡುಗ ಜಗಳ ಮಾಡಲಿಲ್ಲ, ಕಳ್ಳ ಎನ್ನಲಿಲ್ಲ. ಪೆಟ್ಟಿಗೆ ಹೇಳಿದ ಮೇಲೆಯೇ ಮಾಲು ಕೈಬಿಡಬೇಕೆಂಬ ಅಂಗಡಿಯ ಕಟ್ಟಳೆಯನ್ನು ಪಾಲಿಸಿದ, ಅಷ್ಟೆ. ದಾಕ್ಷಿಣ್ಯದ ಭಾರವನ್ನು ಕೆಲಸದ ಹುಡುಗರ ಹೆಗಲಿನಿಂದ ಇಳಿಸಿದ್ದೇ ಈ ಯಂತ್ರದ ದೊಡ್ಡ ಉಪಕಾರ ಎಂದು ನಾನು ತಿಳಿಯುತ್ತೇನೆ.

ಇದರ ದೋಷವೂ ಇಲ್ಲಿಯೇ ಇದೆ. ಲಕ್ಷ್ಮೀಪೂಜೆಯ ಸಂಜೆ ಪೇಟೆಯ ಎಲ್ಲ ಮೊಬೈಲ್‌ಗಳೂ ಒಂದೇ ಹೊತ್ತಿಗೆ ಕೆಲಸಕ್ಕೆ ಬಿದ್ದಾಗ ಯಂತ್ರ ಹಲವು ಸಲ ತಡವರಿಸಿತು. ಕೆಲವು ಪಾವತಿಗಳನ್ನು ಗಿರಾಕಿ ಹೋದ ಮೇಲೆ ಕೂಗಿತು, ಕೆಲವನ್ನು ಕೂಗಲೇ ಇಲ್ಲ. ನಿಯಮವನ್ನು ಕಣ್ಣು ಮುಚ್ಚಿ ಪಾಲಿಸಿದರೆ ಶಹಾಪುರದಿಂದ ಬಂದ ಹಿರಿಯ ಗಿರಾಕಿಯೊಬ್ಬರು ಪ್ರಾಮಾಣಿಕವಾಗಿ ಹಣ ಹಾಕಿಯೂ ಹತ್ತು ಜನರೆದುರು ಅಪರಾಧಿಯಂತೆ ನಿಲ್ಲಬೇಕಾಗುತ್ತದೆ. ಹೀಗಾಗಬಾರದೆಂದು ಗಲ್ಲಾದ ಪಕ್ಕದಲ್ಲಿ ವ್ಯಾಪಾರಿ ಆ್ಯಪ್ ತೆರೆದಿಟ್ಟ ಇನ್ನೊಂದು ಮೊಬೈಲ್ ಇಟ್ಟೆವು. ಪ್ರತಿಯೊಂದು ಯುಪಿಐ ವ್ಯವಹಾರಕ್ಕೂ 12 ಅಂಕಿಗಳ ಯುಟಿಆರ್ ಸಂಖ್ಯೆ ಇರುತ್ತದೆ. ಗಿರಾಕಿಯ ಪರದೆಯಲ್ಲಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಕೇಳಿ ನಮ್ಮ ಆ್ಯಪಿನ ಜಮಾ ಪಟ್ಟಿಯಲ್ಲಿ ಹುಡುಕಿದರೆ ಕ್ಷಣದಲ್ಲಿ ತೀರ್ಮಾನವಾಗುತ್ತದೆ. ನಕಲಿ ಪರದೆಯಲ್ಲಿಯೂ ಒಂದು ಸಂಖ್ಯೆ ಇರಬಹುದು, ನಮ್ಮ ಪಟ್ಟಿಯಲ್ಲಿ ಅದು ಸಿಗುವುದಿಲ್ಲ. ಯಂತ್ರವನ್ನು ಮಾರಲು ಬಂದವರು ಈ ಎರಡನೆಯ ಏರ್ಪಾಡಿನ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ. ಹೇಳಬೇಕಾಗಿತ್ತು.

ಧ್ವನಿ ಮೊತ್ತವನ್ನು ಮಾತ್ರ ಹೇಳುತ್ತದೆ, ಕಳಿಸಿದವರ ಹೆಸರನ್ನು ಹೇಳುವುದಿಲ್ಲ. ಒಂದೇ ಮೊತ್ತದ ಅರ್ಧ ಕಿಲೋ ಡಬ್ಬಿಗಳನ್ನು ಸಾಲಾಗಿ ಮಾರುವಾಗ ಒಬ್ಬರ ಹಣದ ಮೇಲೆ ಇನ್ನೊಬ್ಬರು ಹೊರಟುಹೋಗುವ ಸಾಧ್ಯತೆ ಇದೆ. ಮೊಬೈಲಿನಲ್ಲಿ ಅದೇ ಧ್ವನಿಯನ್ನು ನುಡಿಸಿ ನಂಬಿಸುವವರೂ ಇದ್ದಾರೆ. ಆದ್ದರಿಂದ ಶಬ್ದ ಯಾವ ಕಡೆಯಿಂದ ಬಂತೆಂದು ಗಮನಿಸುವುದು ಒಳ್ಳೆಯದು, ಯಂತ್ರವನ್ನು ಗಿರಾಕಿಗಳಿಗೆ ಕೈ ಎಟಕದ ಕಡೆ ಇಡುವುದು ಇನ್ನೂ ಒಳ್ಳೆಯದು.

ಕ್ಯೂಆರ್ ಬದಲಿಸುವ ಮೋಸದಲ್ಲಿ ಮಾತ್ರ ಈ ಯಂತ್ರವನ್ನು ಪೂರ್ಣ ಮನಸ್ಸಿನಿಂದ ಮೆಚ್ಚುತ್ತೇನೆ. ಅಂಗಡಿಯ ಕೋಡಿನ ಮೇಲೆ ತಮ್ಮ ಕೋಡಿನ ಚೀಟಿಯನ್ನು ಅಂಟಿಸಿ ಹೋಗುವವರಿದ್ದಾರೆ. ಆಗ ಗಿರಾಕಿ ನಿಜವಾಗಿಯೂ ಹಣ ಕಟ್ಟುತ್ತಾನೆ, ಅದು ಬೇರೆಯವರ ಖಾತೆಗೆ ಸೇರುತ್ತದೆ. ಮೊದಲಾದರೆ ಇದು ರಾತ್ರಿ ಲೆಕ್ಕ ಮಾಡುವಾಗ ತಿಳಿಯುತ್ತಿತ್ತು, ಈಗ ಪೆಟ್ಟಿಗೆ ಸುಮ್ಮನಿದ್ದರೆ ಮೊದಲ ಪಾವತಿಯಲ್ಲಿಯೇ ಸಂಶಯ ಬರುತ್ತದೆ. ಹೀಗಿದ್ದರೂ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕೋಡಿನ ಅಂಚನ್ನು ಉಗುರಿನಿಂದ ಕೆರೆದು ನೋಡುವುದು, ನಮ್ಮದೇ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಪರದೆಯಲ್ಲಿ ಬರುವ ಹೆಸರನ್ನು ಓದುವುದು ದೇವರಿಗೆ ಊದಿನಕಡ್ಡಿ ಹಚ್ಚಿದಷ್ಟೇ ನಿತ್ಯದ ಕೆಲಸವಾಗಬೇಕು.

ಯಂತ್ರದ ಹೆಸರು ಹೇಳಿಕೊಂಡೇ ಬರುವ ಮೋಸವೂ ಒಂದಿದೆ, ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರು ಬಂದು, ಸೌಂಡ್ ಬಾಕ್ಸ್ ಅಪ್‌ಡೇಟ್ ಮಾಡಬೇಕು, ಬಾಡಿಗೆ ಮಾಫಿ ಮಾಡಿಸುತ್ತೇವೆ ಎಂದು ಹೇಳಿ ಅಂಗಡಿಯವರ ಮೊಬೈಲ್ ಕೇಳುತ್ತಾರೆ. ಪರೀಕ್ಷೆಗೆಂದು ಒಂದು ರೂಪಾಯಿ ಕಳಿಸಲು ಹೇಳಿ ಪಿನ್ ಒತ್ತುವುದನ್ನು ನೋಡಿಕೊಳ್ಳುತ್ತಾರೆ. ಮೊಬೈಲ್ ಕೈಗೆ ಸಿಕ್ಕ ಮೇಲೆ ಖಾತೆಯನ್ನು ಬರಿದು ಮಾಡುತ್ತಾರೆ. ಯಂತ್ರದ ದುರಸ್ತಿಗೆ ಅಂಗಡಿಯವರ ಪಿನ್ ಎಂದೂ ಬೇಕಾಗುವುದಿಲ್ಲ. ನಾವು ಆ್ಯಪಿನಲ್ಲಿ ದೂರು ದಾಖಲಿಸದೆ ಬಂದ ಯಾರಿಗೂ ಯಂತ್ರವನ್ನು ಮುಟ್ಟಲು ಕೊಡುವುದಿಲ್ಲ.

ಇನ್ನು ಯಂತ್ರ ಏನೂ ಮಾಡಲಾಗದ ಕಡೆ. ಸೌಂಡ್ ಬಾಕ್ಸ್ ಒಳಬರುವ ಹಣಕ್ಕೆ ಮಾತ್ರ ಕಾವಲು, ಹೊರಹೋಗುವ ಹಣಕ್ಕೆ ಅದು ಮೂಕ. ಹಬ್ಬದ ದೊಡ್ಡ ಮೋಸಗಳು ಬರುವುದು ಫೋನಿನಲ್ಲಿ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಊರು ನಮ್ಮದು. ಕ್ಯಾಂಪಿನ ಗಿರಾಕಿಗಳು ನಮಗೆಲ್ಲ ಪರಿಚಿತರು, ಗೌರವಾನ್ವಿತರು. ಆ ಗೌರವವನ್ನೇ ಮೋಸಗಾರರು ಬಳಸಿಕೊಳ್ಳುತ್ತಾರೆ. ತಾನು ಸೇನೆಯ ಅಧಿಕಾರಿ, ಜವಾನರಿಗೆ ಹಂಚಲು ನೂರು ಡಬ್ಬಿ ಸಿಹಿ ಬೇಕು ಎಂದು ಹಿಂದಿಯಲ್ಲಿ ಕರೆ ಬರುತ್ತದೆ, ವಾಟ್ಸ್‌ಆ್ಯಪಿನಲ್ಲಿ ಗುರುತಿನ ಚೀಟಿಯ ಚಿತ್ರ ಬರುತ್ತದೆ. ಮಾಲು ಸಿದ್ಧವಾದ ಮೇಲೆ, ಸೇನೆಯ ಪಾವತಿಯ ಪದ್ಧತಿಯೇ ಬೇರೆ, ನೀವು ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಜಮಾ ಆಗುತ್ತದೆ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಸಗಟು ಆರ್ಡರಿಗೆ ನಾವು ಮುಂಗಡವನ್ನು ಅಂಗಡಿಯ ಕೋಡಿಗೇ ಹಾಕಿಸಿಕೊಂಡು, ಪೆಟ್ಟಿಗೆ ಕೂಗಿದ ಮೇಲೆ ಒಲೆ ಹಚ್ಚುತ್ತೇವೆ. ನಿಜವಾದ ಗಿರಾಕಿ ಇದಕ್ಕೆ ಬೇಸರಪಟ್ಟದ್ದನ್ನು ನಾನು ಕಂಡಿಲ್ಲ.

ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದು ಒಳ್ಳೆಯ ಕ್ರಮ. ಒಂದು ದಾರಿ ಮುಚ್ಚಿತು, ಕ್ಯೂಆರ್ ಕಳಿಸುವ ದಾರಿ ಉಳಿದಿದೆ. ಕೈತಪ್ಪಿ ಐನೂರರ ಬದಲು ಐದು ಸಾವಿರ ಹಾಕಿದೆ, ಉಳಿದದ್ದನ್ನು ಈ ನಂಬರಿಗೆ ಮರಳಿಸಿ ಎನ್ನುವ ಕರೆಯೂ ಹಬ್ಬದಲ್ಲಿ ಸಾಮಾನ್ಯ. ಇಲ್ಲಿ ಪೆಟ್ಟಿಗೆ ನೆರವಾಗುತ್ತದೆ, ಏಕೆಂದರೆ ಅದು ಐದು ಸಾವಿರ ಎಂದು ಕೂಗಿರುವುದಿಲ್ಲ. ಹಣ ಜಮಾ ಆಯಿತೆಂದು ಅವರು ಕಳಿಸಿದ ಎಸ್ಸೆಮ್ಮೆಸ್ ಬ್ಯಾಂಕಿನದಲ್ಲ, ಸಾಮಾನ್ಯ ಮೊಬೈಲ್ ನಂಬರಿನಿಂದ ಬಂದಿರುತ್ತದೆ. ಹಣ ನಿಜವಾಗಿ ಬಂದಿದ್ದರೂ ಹೇಳಿದ ನಂಬರಿಗೆ ಕಳಿಸಬಾರದು, ಬಂದ ಖಾತೆಗೇ ವ್ಯಾಪಾರಿ ಆ್ಯಪಿನ ಮೂಲಕ ಮರಳಿಸಬೇಕು. ಕದ್ದ ಹಣ ನಮ್ಮ ಖಾತೆಯ ಮೂಲಕ ಹಾದುಹೋದರೆ ಖಾತೆಯ ಮೇಲೆಯೇ ತಡೆ ಬೀಳಬಹುದು. ಈ ಕಾರಣಕ್ಕಾಗಿ ಅಂಗಡಿಯ ಕ್ಯೂಆರ್‌ಗೆ ಪ್ರತ್ಯೇಕ ಖಾತೆ ಇಟ್ಟು, ಮನೆಯ ಉಳಿತಾಯವನ್ನು ಅದರಿಂದ ದೂರವಿಡುವುದು ಲೇಸು. ಮೋಸವಾಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಗರದ ಸಿಇಎನ್ ಪೊಲೀಸ್ ಠಾಣೆಗೆ ಯುಟಿಆರ್ ಸಂಖ್ಯೆ ಸಹಿತ ದೂರು ಕೊಡಬೇಕು. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವುದರಲ್ಲಿ ಎಲ್ಲವೂ ಇದೆ.

ಸೇವೆಯ ವಿಷಯದಲ್ಲಿ ನನ್ನ ತೃಪ್ತಿ ಅರ್ಧ. ನಾವು ಕೊಡುವ ಬಾಡಿಗೆ ತಿಂಗಳಿಗೆ 125 ರೂಪಾಯಿ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲದಿರುವುದರಿಂದ ಇದು ಭಾರವೆನಿಸುವುದಿಲ್ಲ. ಬ್ಯಾಟರಿ ಇಡೀ ದಿನ ಬಾಳುತ್ತದೆ, ಗದ್ದಲದಲ್ಲಿಯೂ ಧ್ವನಿ ಕೇಳಿಸುತ್ತದೆ. ಆದರೆ ಯಂತ್ರ ಸ್ತಬ್ಧವಾದಾಗ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಉತ್ತರಿಸುವವರು ಸಿಗಲು ಬಹಳ ಹೊತ್ತು ಕಾಯಬೇಕಾಯಿತು, ಹಬ್ಬದ ವಾರದಲ್ಲಿ ಇದು ಸಲ್ಲದು. ಕಳಿಸಿದವರ ಹೆಸರಿನ ಮೊದಲ ಭಾಗವನ್ನಾದರೂ ಯಂತ್ರ ಉಚ್ಚರಿಸುವಂತಾಗಬೇಕು. ದಿನಕ್ಕೆ ಹತ್ತಿಪ್ಪತ್ತು ಪಾವತಿ ಬರುವ, ಮಾಲಕರೇ ಕೂರುವ ಅಂಗಡಿಗೆ ಮೊಬೈಲಿನ ಆ್ಯಪ್ ಸಾಕು. ಮಾಲಕರು ಭಟ್ಟಿಯ ಹತ್ತಿರವಿದ್ದು ಗಲ್ಲಾವನ್ನು ಹುಡುಗರಿಗೆ ಬಿಡುವ ನಮ್ಮಂತಹ ಅಂಗಡಿಗೆ ಚೌತಿಗೆ ಮುಂಚೆಯೇ ಇದನ್ನು ತಂದಿಡಲು ಹೇಳುತ್ತೇನೆ, ಜನಜಂಗುಳಿ ಸೇರುವ ಮೊದಲು ಹುಡುಗರಿಗೆ ಅದರ ಜೊತೆ ಕೆಲಸ ಮಾಡಿ ರೂಢಿಯಾಗಲು ಅಷ್ಟು ಸಮಯ ಬೇಕು.