ಟ್ರ್ಯಾಕಿಗೆಂದು ಸ್ಪ್ರಿಂಗ್ ಕತ್ತರಿಸಿದ ಪದ್ಮಿನಿ: ಹಳೆಯ ಕಾರಿನವರಿಗೊಂದು ಎಚ್ಚರಿಕೆ

ಹಳೆಯ ಕಾರನ್ನು ಪುಣೆಯ ರಸ್ತೆಗಳಲ್ಲಿ ದಿನವೂ ಓಡಿಸುತ್ತ, ವರ್ಷಕ್ಕೊಮ್ಮೆ ಟ್ರ್ಯಾಕಿಗೂ ಇಳಿಸಬೇಕೆಂಬ ಆಸೆಯುಳ್ಳ ಕನ್ನಡಿಗರು ಹೆಚ್ಚು ಮಂದಿ ಇರಲಾರರು. ಇರುವಷ್ಟು ಜನರಾದರೂ ನಾನು ಮಾಡಿದ್ದನ್ನು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು 1978ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ ಪರವಾನಗಿಯ ಮೇಲೆ ತಯಾರಾದ, 1089 ಸಿಸಿ ಎಂಜಿನ್ನಿನ ಗಾಡಿ. ಮುಂದೆ ವಿಶ್‌ಬೋನ್‌ಗಳ, ಅಂದರೆ ಚಕ್ರವನ್ನು ಗಾಡಿಗೆ ಜೋಡಿಸುವ ಕವಲುತೋಳುಗಳ, ನಡುವೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಹಿಂದೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್, ಇಲ್ಲಿಯ ಗ್ಯಾರೇಜುಗಳ ಮಾತಿನಲ್ಲಿ ಪಾಟಾ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಒಂದು ದಿನ ಓಡಿಸುವ ಅವಕಾಶ ಸಿಕ್ಕಾಗ, ತಿರುವಿನಲ್ಲಿ ದೋಣಿಯಂತೆ ವಾಲುವ ಈ ಗಾಡಿಯನ್ನು ಹಾಗೆಯೇ ಒಯ್ಯಲು ಮನಸ್ಸಾಗಲಿಲ್ಲ.

ಭೋಸರಿಯ ಕಡೆಯ ಒಂದು ಗ್ಯಾರೇಜಿಗೆ ಹೋದೆ. ಮಾಲೀಕರು ವಿಜಯಪುರದ ಕಡೆಯವರು. ಮರಾಠಿಯಲ್ಲಿ ಶುರುವಾದ ಮಾತು ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ತಿರುಗಿತು, ಅಲ್ಲಿಗೆ ನನ್ನ ವಿಚಾರಣೆಯೂ ಮುಗಿಯಿತು. "ರೇಸಿಗಿ ಹೋಗೋ ಗಾಡಿ ನೆಲಕ್ಕ ಕುಂತಿರಬೇಕ್ರಿ ಸರ, ನಾ ಮಾಡಿಕೊಡ್ತೀನಿ ಬಿಡ್ರಿ" ಎಂದರು. ಸ್ಪ್ರಿಂಗ್ ಎಷ್ಟು ಗಟ್ಟಿ, ಗಾಡಿ ಎಷ್ಟು ಮಿಲಿಮೀಟರ್ ಇಳಿಯುತ್ತದೆ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಯಾವುದು, ಒಂದನ್ನೂ ನಾನು ಕೇಳಲಿಲ್ಲ. ಪರಊರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದೊಡನೆ ಬುದ್ಧಿ ಮಂಕಾಗುವ ರೋಗ ನನಗೆ ಮೊದಲಿನಿಂದಲೂ ಇದೆ.

ಹದಿನೆಂಟು ಸಾವಿರ ಕೊಟ್ಟು ಬಿಡಿಸಿಕೊಂಡ ಗಾಡಿ ನೋಡಲು ಚೆಂದವಾಗಿಯೇ ಇತ್ತು. ಕಾತ್ರಜ್ ಘಟ್ಟದಲ್ಲಿ ವಾಲಲಿಲ್ಲ, ನಾನು ಹಿಗ್ಗಿದೆ. ಖಂಬಾಟ್ಕಿ ಘಟ್ಟ ದಾಟಿದ ಮೇಲೆ ಹೆದ್ದಾರಿಯ ಸೇತುವೆಗಳ ಜೋಡುಗಳಲ್ಲಿ ಕಾರು ಒಮ್ಮೆ ಕುಕ್ಕರಿಸಿ ಎರಡು ಮೂರು ಸಲ ಪುಟಿಯುತ್ತಿತ್ತು. ಟ್ರ್ಯಾಕಿನ ಗಾಡಿ ಎಂದಮೇಲೆ ಇಷ್ಟು ಸಹಿಸಬೇಕು ಎಂದು ನನಗೆ ನಾನೇ ಹೇಳಿಕೊಂಡು ಬೆಳಗಾವಿ, ಹುಬ್ಬಳ್ಳಿ ದಾಟಿ ಮುಂದೆ ಹೋದೆ. ಟ್ರ್ಯಾಕಿನಲ್ಲಿ ಮೂರನೆಯ ಸುತ್ತಿಗೆ, ಬಲತಿರುವೊಂದರ ನಡುವೆ, ಸ್ಟಿಯರಿಂಗ್ ತಿರುಗಿಸಿಯೇ ಇದ್ದರೂ ಕಾರು ನೆಟ್ಟಗೆ ಹೋಗಿ ಮಣ್ಣಿಗೆ ಇಳಿಯಿತು. ಗೋಡೆ ದೂರವಿದ್ದುದರಿಂದ ಏನೂ ಆಗಲಿಲ್ಲ. ಆದರೆ ಜಾರುವ ಮುನ್ನ ಟೈರು ಕೊಡಬೇಕಾದ ಸೂಚನೆ ಯಾವುದೂ ಸಿಕ್ಕಿರಲಿಲ್ಲ, ಮನಸ್ಸಿನಲ್ಲಿ ಉಳಿದದ್ದು ಅದೇ.

ಪುಣೆಗೆ ಮರಳಿದ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಮುಂದಿನ ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ರಬ್ಬರ್ ಗುಂಡಿನ ಮೇಲೆ ಚಪಾತಿ ಹಿಟ್ಟಿನ ಉಂಡೆಯೊಂದನ್ನು ಅಂಟಿಸಿ, ನಿಧಾನವಾಗಿ ಓಣಿಯ ತುದಿಯವರೆಗೆ ಹೋಗಿ ಬಂದೆ. ಒಂದು ರೋಡ್ ಹಂಪನ್ನೂ ದಾಟಿರಲಿಲ್ಲ. ಉಂಡೆ ಹಪ್ಪಳವಾಗಿತ್ತು. ಅಂದರೆ ನಾನು ಬಿಗಿಯೆಂದು ಮೆಚ್ಚಿಕೊಂಡದ್ದು ಸ್ಪ್ರಿಂಗಿನ ಬಿಗಿಯಲ್ಲ, ಕಾರು ರಬ್ಬರಿನ ಮೇಲೆ ಕೂತಿದ್ದುದರ ಬಿಗಿ. ತಿರುವಿನಲ್ಲಿ ಹೊರಬದಿಯ ಮುಂಚಕ್ರ ಆ ರಬ್ಬರಿಗೆ ಒತ್ತಿಕೊಂಡ ಕ್ಷಣವೇ ಅಲ್ಲಿಯ ಗಟ್ಟಿತನ ಹಲವು ಪಟ್ಟು ಏರುತ್ತದೆ, ಭಾರವೆಲ್ಲ ಆ ಒಂದು ಟೈರಿನ ಮೇಲೆ ಬೀಳುತ್ತದೆ, ಅದು ಹಿಡಿತ ಬಿಡುತ್ತದೆ.

ಜ್ಯಾಕ್ ಕೊಟ್ಟು ಎತ್ತಿದಾಗ ಉಳಿದದ್ದೂ ಕಂಡಿತು. ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ಕೈಯಿಂದ ತಿರುಗುತ್ತಿತ್ತು. ತುದಿ ಗ್ಯಾಸಿನಲ್ಲಿ ಕತ್ತರಿಸಿದ್ದು, ನೀಲಿಗಟ್ಟಿತ್ತು. ಹಾಗೆ ಕಾಯಿಸಿದ ಕಡೆ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಕಾಯಿಲ್ ಸ್ಪ್ರಿಂಗಿನಲ್ಲಿ ಕೆಲಸ ಮಾಡುವ ಸುತ್ತುಗಳು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ: ಎಂಟರಲ್ಲಿ ಎರಡನ್ನು ತೆಗೆದರೆ ಮೂರರಲ್ಲೊಂದು ಪಾಲು ಹೆಚ್ಚು. ಆ ಏರಿಕೆ ಸಣ್ಣದೇನಲ್ಲ, ಆದರೆ ಎತ್ತರದಲ್ಲಿ ಕಳೆದುಕೊಂಡ ಓಡಾಟವನ್ನು ತುಂಬಿಕೊಡುವಷ್ಟೂ ಅಲ್ಲ. ಮೇಲಾಗಿ ಸ್ಪ್ರಿಂಗ್ ಹಿಂದಿರುಗಿಸುವ ಶಕ್ತಿಯನ್ನು ಹೀರಬೇಕಾದ ಶಾಕ್ ಅಬ್ಸಾರ್ಬರುಗಳು ಹಳೆಯವೇ ಇದ್ದವು. ಹೆದ್ದಾರಿಯ ಪುಟಿತಕ್ಕೆ ಅದೇ ಕಾರಣ. ಗಾಡಿಯ ಎತ್ತರ ತಗ್ಗಿಸಿದ ಮೇಲೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿರಲಿಲ್ಲವಾದ್ದರಿಂದ ಮುಂದಿನ ಟೈರುಗಳ ಒಳಅಂಚು ಗರಗಸದಂತೆ ಸವೆದಿತ್ತು. ಹಿಂದೆ ಪಾಟಾದ ಒಂದು ಎಲೆಯನ್ನೇ ತೆಗೆದುಬಿಟ್ಟಿದ್ದರು. ಈ ಗಾಡಿಯಲ್ಲಿ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅದೇ ಪಾಟಾ ಎಂಬುದು ಅವರಿಗೆ ನೆನಪಾಗಲಿಲ್ಲವೋ, ತಿಳಿದಿರಲಿಲ್ಲವೋ. ಹಳೆಯ ಭಾಗಗಳನ್ನು ಕೇಳಿದರೆ ಗುಜರಿಗೆ ಹೋಯಿತೆಂದರು.

ಹೊಸ ಸ್ಪ್ರಿಂಗಿಗೆ ಬೇರೆ ಕಾರಿನ ಲೆಕ್ಕವನ್ನು ಎರವಲು ತರುವಂತೆಯೂ ಇಲ್ಲ. ಸ್ಪ್ರಿಂಗ್ ಕೆಳಗಿನ ವಿಶ್‌ಬೋನಿನ ನಟ್ಟನಡುವೆ ಕೂತಿದ್ದರೆ ಚಕ್ರಕ್ಕೆ ದಕ್ಕುವ ಗಟ್ಟಿತನ ಸ್ಪ್ರಿಂಗಿನದರ ಕಾಲು ಪಾಲು ಮಾತ್ರ. ಚಕ್ರದ ಹತ್ತಿರವೇ ಸ್ಪ್ರಿಂಗ್ ಇರುವ ಕಾರಿನ ಅಂಕಿ ಇಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ.

ಕೊನೆಗೆ ಕುರ್ಲಾದ ಗುಜರಿ ಅಂಗಡಿಗಳಿಗೇ ಹೋದೆ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿಯಿತು, ಆದರೆ ಅವುಗಳ ಮೂಳೆಗಳು ಹುಡುಕುವವರಿಗೆ ಇನ್ನೂ ಸಿಗುತ್ತವೆ. ಆರು ಸ್ಪ್ರಿಂಗುಗಳನ್ನು ಸಮತಟ್ಟಾದ ಕಲ್ಲಿನ ಮೇಲೆ ನಿಲ್ಲಿಸಿ ಎತ್ತರ ಅಳೆದು, ಒಂದಕ್ಕೊಂದು ಸರಿಹೊಂದಿದ ಎರಡನ್ನು ತಂದೆ. ಪಾಟಾ ಪೂರ್ತಿ ಕಟ್ಟಿಸಿ, ವಿಶ್‌ಬೋನಿನ ರಬ್ಬರ್ ಬುಷ್‌ಗಳನ್ನೂ ನಾಲ್ಕು ಶಾಕ್ ಅಬ್ಸಾರ್ಬರುಗಳನ್ನೂ ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆ. ಮೊದಲೇ ಮಾಡಿಸಬೇಕಿದ್ದ ಕೆಲಸ ಇಷ್ಟೇ. ಈಗಲೂ ವಾಲುತ್ತದೆ, ಆದರೆ ಘಟ್ಟದ ತಿರುವುಗಳಲ್ಲಿ ಮೊದಲೇ ಹೇಳಿ ವಾಲುತ್ತದೆ.

ಟ್ರ್ಯಾಕಿಗೆ ಸಿದ್ಧಪಡಿಸಿದ್ದು ಎಂದು ಯಾರಾದರೂ ಹಳೆಯ ಗಾಡಿ ಮಾರಲು ಬಂದರೆ, ಬೆಲೆ ಮಾತಾಡುವ ಮುನ್ನ ಮುಂದಿನ ಚಕ್ರವನ್ನು ಜ್ಯಾಕ್ ಮೇಲೆ ಎತ್ತಿಸಿ, ಭದ್ರವಾದ ಸ್ಟ್ಯಾಂಡ್ ಕೊಟ್ಟ ಬಳಿಕ ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಚಹಾ ಕುಡಿದು ಎದ್ದು ಬನ್ನಿ.